ಇಸ್ತಾಂಬುಲ್‌ಗೆ ಹೊಸದಾಗಿ ಬಂದವರಿಗೆ: ಎಲ್ಲಿ ತಿನ್ನೋದು, ಸಾಮಾನು ಎಲ್ಲಿಂದ ತರೋದು

ಹೊಸಬರು ಬಂದ ವಾರದಲ್ಲೇ ಕೇಳೋದು ಒಂದೇ ಪ್ರಶ್ನೆ, ಇಲ್ಲಿ ಇಂಡಿಯನ್ ಸ್ಟೋರ್ ಎಲ್ಲಿದೆ ಅಂತ. ಲಂಡನ್, ನ್ಯೂಜೆರ್ಸಿ ಥರ ಊರಲ್ಲ ಇದು, ಅದನ್ನೇ ಹುಡುಕ್ಕೊಂಡು ಅಲೆದ್ರೆ ಇಸ್ತಾಂಬುಲ್‌ಕಾರ್ಟ್ ಅನ್ನೋ ಬಸ್-ಮೆಟ್ರೋ ಕಾರ್ಡಲ್ಲಿರೋ ದುಡ್ಡು ಖಾಲಿಯಾಗತ್ತೆ ಅಷ್ಟೇ. ನಾನು ಹೇಳೋದು, ಮೊದಲು ನಿಮ್ಮ ಏರಿಯಾದ ವಾರದ ಸಂತೆ ಯಾವತ್ತು ಅಂತ ಪಕ್ಕದ ಮನೆಯವರನ್ನ ಕೇಳಿ, ಆಮೇಲೆ ಹತ್ತಿರದಲ್ಲಿ ಒಂದು ಒಳ್ಳೆ ಅಕ್ತಾರ್ ಅಂಗಡಿ ಗುರ್ತಿಟ್ಕೊಳ್ಳಿ. ಅಕ್ತಾರ್ ಅಂದ್ರೆ ನಮ್ಮ ಗ್ರಂದಿಗೆ ಅಂಗಡಿ. ಇವೆರಡು ಸಿಕ್ರೆ ಮುಕ್ಕಾಲು ಅಡುಗೆಮನೆ ನಡೀತು ಅಂದ್ಕೊಳ್ಳಿ.

ಸಂತೆಗೆ ಇಲ್ಲಿ ಪಜಾರ್ ಅಂತಾರೆ. ಕಾಡಿಕೋಯ್ ಕಡೆ ಮಂಗಳವಾರದ್ದು ಫೇಮಸ್ಸು, ಫಾತಿಹ್‌ನಲ್ಲಿ ಬುಧವಾರ, ಬೆಶಿಕ್ತಾಶ್‌ನಲ್ಲಿ ಶನಿವಾರ, ಆರ್ಗ್ಯಾನಿಕ್ಕೇ ಬೇಕು ಅನ್ನೋರಿಗೆ ಫೆರಿಕೋಯ್‌ನಲ್ಲಿ ಶನಿವಾರ ಬೇರೆ ಇದೆ, ರೇಟು ಮಾತ್ರ ಜಾಸ್ತಿ. ಬೆಳಗ್ಗೆ ಹೋದ್ರೆ ತಾಜಾ ಸಿಗತ್ತೆ, ಸಂಜೆ ಅಂಗಡಿ ಎತ್ತೋ ಹೊತ್ತಿಗೆ ಹೋದ್ರೆ ಅಗ್ಗಕ್ಕೆ ಸಿಗತ್ತೆ, ಎರಡೂ ಒಟ್ಟಿಗೆ ಬೇಕು ಅಂದ್ರೆ ಆಗಲ್ಲ. ಒಂದು ವಿಷಯ ಗೊತ್ತಿರಲಿ, ನಮ್ಮೂರಲ್ಲಿ ಒಂದೊಂದೇ ಟೊಮೇಟೊ ಒತ್ತಿ ನೋಡಿ ಆರಿಸ್ತೀವಲ್ಲ, ಇಲ್ಲಿ ಎಲ್ಲ ಕಡೆ ಹಾಗೆ ಕೈ ಹಾಕಕ್ಕೆ ಬಿಡಲ್ಲ, ಸೆಚ್ಮೆಜೆ ಅಂತ ಬೋರ್ಡು ಹಾಕಿದ್ರೆ ನೀವೇ ಆರಿಸ್ಕೋಬಹುದು, ಇಲ್ಲಾಂದ್ರೆ ಅವನೇ ತುಂಬಿ ಕೊಡ್ತಾನೆ, ಅಡಿಯಲ್ಲಿ ಎರಡು ಕೊಳೆತಿದ್ದು ಬಂದ್ರೂ ಬರಬಹುದು. ಅಂಗಡಿಯವನನ್ನ ಆಬಿ, ಹೆಂಗಸರಾದ್ರೆ ಆಬ್ಲಾ ಅಂತ ಕರೀರಿ, ನಾವು ಅಣ್ಣ ಅಕ್ಕ ಅನ್ನೋ ಹಾಗೇ, ತೂಕ ಸ್ವಲ್ಪ ನಿಮ್ಮ ಕಡೆ ವಾಲತ್ತೆ. ಕೈಚೀಲ ಮರೀಬೇಡಿ, ಸೂಪರ್‌ಮಾರ್ಕೆಟ್‌ಗಳಲ್ಲಿ 2019ರಿಂದ ಪ್ಲಾಸ್ಟಿಕ್ ಕವರಿಗೆ ದುಡ್ಡು ಕೊಡ್ಬೇಕು.

ಸೊಪ್ಪಿನ ವಿಷಯದಲ್ಲಿ ಈ ಊರು ನಿಜವಾಗ್ಲೂ ಪುಣ್ಯ ಮಾಡಿದೆ. ಸಬ್ಬಸಿಗೆ ಸೊಪ್ಪು ಕಟ್ಟುಕಟ್ಟು, ದೆರೆಓತು ಅಂತ ಕೇಳಿ. ಗೋಣಿಸೊಪ್ಪು ಬೆಂಗಳೂರಲ್ಲೇ ಹುಡುಕ್ಬೇಕು, ಇಲ್ಲಿ ಬೇಸಿಗೆ ಪೂರ್ತಿ ಸೆಮಿಜ್‌ಓತು ಅಂತ ರಾಶಿ ಹಾಕಿರ್ತಾರೆ, ಇವರು ಮೊಸರಿಗೆ ಬೆಳ್ಳುಳ್ಳಿ ಜೊತೆ ಕಲಸಿ ತಿಂತಾರೆ, ನೀವು ಮಸ್ಸೊಪ್ಪು ಮಾಡಿ. ಪಾಲಕ್, ಪುದೀನ ಅಂತೂ ಬಿಡಿ. ಕೊತ್ತಂಬರಿ ಸೊಪ್ಪೇ ಕಷ್ಟ. ದೂರದಿಂದ ನೋಡಿದ್ರೆ ಕೊತ್ತಂಬರಿ ಥರಾನೇ ಕಾಣೋದು ಮಾಯ್ದಾನೋಜ್, ಅಂದ್ರೆ ಪಾರ್ಸ್ಲಿ, ಮೂಸಿ ನೋಡದೆ ತಗೋಬೇಡಿ. ಕೊತ್ತಂಬರಿ ಬೇಕಂದ್ರೆ ತಾಜೆ ಕಿಶ್ನಿಶ್ ಅಂತ ಕೇಳಿ, ಸಂತೆಗಿಂತ ಮಿಗ್ರೋಸ್ ಸೂಪರ್‌ಮಾರ್ಕೆಟ್‌ನ ದೊಡ್ಡ ಬ್ರಾಂಚಲ್ಲಿ ಸಿಗೋ ಚಾನ್ಸ್ ಜಾಸ್ತಿ. ಕರಿಬೇವಿನ ಆಸೆ ಬಿಟ್ಬಿಡಿ, ಊರಿಂದ ಬರುವಾಗ ಒಣಗಿಸಿ ತನ್ನಿ. ಬೆಂಡೆಕಾಯಿ ಕಿರುಬೆರಳಿಗಿಂತ ಚಿಕ್ಕದು, ರೇಟು ಕೇಳಿದ್ರೆ ಎದೆ ಝಲ್ ಅನ್ನತ್ತೆ. ಮೆಣಸಿನಕಾಯಿ ಉದ್ದ ನೋಡಿ ಖಾರ ಅಂದ್ಕೋಬೇಡಿ, ಆಜಿ ಅಂದ್ರೆ ಖಾರದ್ದು, ತತ್ಲಿ ಅಂದ್ರೆ ಸಪ್ಪೆ.

ಕಾಳುಗಳ ಪೈಕಿ ಕಡಲೆಕಾಳಿನ ಬಿಳಿ ಜಾತಿ ನೊಹುತ್, ಅಲಸಂದೆ ಬೊರುಲ್ಜೆ, ಹೆಸರುಕಾಳು ಮಾಶ್ ಫಾಸುಲ್ಯೆಸಿ. ಕಿರ್ಮಿಜಿ ಮೆರ್ಜಿಮೆಕ್ ಅಂದ್ರೆ ಕೆಂಪು ಮಸೂರ್ ಬೇಳೆ, ಯಾವ ಅಂಗಡಿಗೆ ಹೋದ್ರೂ ಇದೆ, ಸಾರಿಗೆ ಇದನ್ನೇ ಅಭ್ಯಾಸ ಮಾಡ್ಕೊಳ್ಳಿ, ಕುಕ್ಕರೂ ಬೇಡ. ತೊಗರಿಬೇಳೆ, ಉದ್ದಿನಬೇಳೆ ಮಾಮೂಲಿ ಅಂಗಡೀಲಿ ಸಿಗಲ್ಲ, ಅದಕ್ಕೆ ಫಾತಿಹ್, ಅಕ್ಸರಾಯ್, ಝೈತಿನ್‌ಬುರ್ನು ಕಡೆ ಸಿರಿಯಾ, ಅಫ್ಘಾನಿಸ್ತಾನದವರ ಅಂಗಡಿಗಳಲ್ಲಿ ವಿಚಾರಿಸಿ, ಬಾಸ್ಮತಿ, ಏಲಕ್ಕಿ, ಹುಣಸೆಹಣ್ಣಿಗೂ ಆ ಅಂಗಡಿಗಳೇ ವಾಸಿ. ಹುಣಸೆ ಮುಗಿದಿದ್ರೆ ನಾರ್ ಎಕ್ಶಿಸಿ ಅಂತ ದಾಳಿಂಬೆ ಹುಳಿ ಬಾಟ್ಲಿ ಇರತ್ತೆ, ಗೊಜ್ಜಿಗೆ ಒಂದು ಚಮಚ ಹಾಕಿದ್ರೆ ಸಾಕು, ಆದ್ರೆ ಲೇಬಲ್ ಓದಿ, ಅಗ್ಗದ್ದರಲ್ಲಿ ಬರೀ ಸಕ್ಕರೆ ಪಾಕ.

ಅಕ್ಕಿ ತಗೊಳ್ಳುವಾಗ ಬಾಲ್ದೊ ಅನ್ನೋದು ದಪ್ಪ, ಅಂಟು ಜಾಸ್ತಿ, ಮೊಸರನ್ನಕ್ಕೆ ಬಿಸಿಬೇಳೆಬಾತಿಗೆ ಓಕೆ, ಚಿತ್ರಾನ್ನ ಮಾಡಿದ್ರೆ ಮುದ್ದೆ ಆಗತ್ತೆ. ಇರ್ಮಿಕ್ ಅಂದ್ರೆ ರವೆ, ಕೇಸರಿಬಾತಿಗೆ ಸೂಪರ್. ಉಪ್ಪಿಟ್ಟಿಗೆ ನಾನಂತೂ ಬುಲ್ಗುರ್ ಹಾಕ್ತೀನಿ, ಗೋಧಿರವೆ ಉಪ್ಪಿಟ್ಟೇ ಸೈ.

ಇನ್ನು ಚಟ್ನಿ. ಇದನ್ನ ಯಾರೂ ಹೊಸಬರಿಗೆ ಹೇಳಲ್ಲ ಯಾಕೋ. ಒಣಹಣ್ಣು ಬೀಜ ಮಾರೋ ಕುರುಯೆಮಿಶ್ ಅಂಗಡಿಗಳಲ್ಲಿ ಗಾಜಿನ ಡಬ್ಬಿಯೊಳಗೆ ಸಾರಿ ಲೆಬ್ಲೆಬಿ ಅಂತ ಹಳದಿ ಕಾಳು ಇಟ್ಟಿರ್ತಾರೆ, ಅದು ನಮ್ಮ ಹುರಿಗಡಲೆಯೇ, ಕಾಬೂಲ್ ಕಡಲೇದು ಆದ್ರಿಂದ ಸ್ವಲ್ಪ ದಪ್ಪ, ಸ್ವಲ್ಪ ಗಟ್ಟಿ. ತುಜ್‌ಸುಜ್ ಅಂತ ಹೇಳಿ ಉಪ್ಪಿಲ್ಲದ್ದು ತಗೊಳ್ಳಿ. ಹಾಗೇ ಮಿಕ್ಸಿಗೆ ಹಾಕಿದ್ರೆ ತರಿತರಿ ಬರತ್ತೆ, ಮೊದಲು ಒಣಗೇ ಪುಡಿ ಮಾಡ್ಕೊಂಡು ಆಮೇಲೆ ಒಣಕೊಬ್ಬರಿ ತುರಿ, ಹಸಿಮೆಣಸು, ನೀರು ಹಾಕಿ ರುಬ್ಬಿ. ಚಟ್ನಿಪುಡಿಗೂ ಆಗತ್ತೆ. ಸಾಸಿವೆ ಹಾರ್ದಾಲ್ ತೊಹುಮು, ಜೀರಿಗೆ ಕಿಮ್ಯೋನ್, ಅರಿಶಿನ ಝೆರ್ದೆಚಾಲ್, ಮೆಂತ್ಯ ಚೆಮೆನ್, ಇವೆಲ್ಲ ಅಕ್ತಾರ್‌ನಲ್ಲಿ. ಎಮಿನೊನುದಲ್ಲಿರೋ ಮಿಸಿರ್ ಚಾರ್ಶಿಸಿ ಅಂದ್ರೆ ಸ್ಪೈಸ್ ಬಜಾರ್‌ನ ಒಳಗಡೆ ಟೂರಿಸ್ಟ್ ರೇಟು, ಫೋಟೋ ತೆಗೆದು ಹೊರಗೆ ಬನ್ನಿ, ಅದರ ಪಕ್ಕದ ಹಸಿರ್ಜಿಲಾರ್ ಬೀದಿ, ತಹ್ತಕಾಲೆ ಕಡೆ ಊರವರು ಕೊಳ್ಳೋ ಅಂಗಡಿ ಇವೆ. ಅಲ್ಲೇ 1871ರಿಂದ ಇರೋ ಕುರುಕಾಹ್ವೆಜಿ ಮೆಹ್ಮೆತ್ ಎಫೆಂದಿ ಕಾಫಿಪುಡಿ ಅಂಗಡಿ, ಕ್ಯೂ ನೋಡಿ ಹೆದರಬೇಡಿ, ಬೇಗ ಸಾಗತ್ತೆ. ಪುಡಿ ತುಂಬ ನುಣ್ಣಗೆ, ಫಿಲ್ಟರ್‌ಗೆ ಹಾಕಿದ್ರೆ ಡಿಕಾಕ್ಷನ್ ಇಳಿಯಲ್ಲ.

ದಿನಬಳಕೆಗೆ ಬಿಮ್, ಎ101, ಶೋಕ್ ಅನ್ನೋ ಸೂಪರ್‌ಮಾರ್ಕೆಟ್‌ಗಳು ಗಲ್ಲಿಗೊಂದಿವೆ, ಅಗ್ಗ. ಮೊಸರು ಎಲ್ಲಿ ತಗೊಂಡ್ರೂ ಚೆನ್ನಾಗಿರತ್ತೆ, ಸುಜ್ಮೆ ಅಂತ ಬರೆದಿದ್ರೆ ನೀರು ಬಸಿದ ಗಟ್ಟಿಮೊಸರು, ಶ್ರೀಖಂಡಕ್ಕೆ ಸರಿ. ಕುಡಿಯೋಕೆ ನಲ್ಲಿ ನೀರು ಬಳಸೋರು ಕಮ್ಮಿ, 19 ಲೀಟರ್ ಕ್ಯಾನು ಮನೆಗೇ ತಂದ್ಕೊಡ್ತಾರೆ.

ಹೊರಗೆ ತಿನ್ನೋದಾದ್ರೆ ಮಧ್ಯಾಹ್ನ ಎಸ್ನಾಫ್ ಲೊಕಾಂತಾಗೆ ಹೋಗಿ. ಅಂಗಡಿ ಕೆಲಸದವರು ಊಟ ಮಾಡೋ ಜಾಗ, ಗಾಜಿನ ಹಿಂದೆ ತಟ್ಟೆಗಳಲ್ಲಿ ಎಲ್ಲಾ ಇಟ್ಟಿರ್ತಾರೆ, ಬೆರಳು ತೋರಿಸಿದ್ರೆ ಸಾಕು, ಭಾಷೆ ಬೇಡ. ಹನ್ನೆರಡೂವರೆ ಒಳಗೆ ಹೋದ್ರೆ ಒಳ್ಳೆ ಪಲ್ಯಗಳು ಉಳಿದಿರ್ತವೆ. ಸಸ್ಯಾಹಾರಿಗಳು ಝೈತಿನ್‌ಯಾಲಿ ಸಾಲು ಕೇಳಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಕೊಡೋ ಹುರುಳಿಕಾಯಿ, ಬದನೆಕಾಯಿ. ಬದನೇಲೂ ಇಮಾಮ್ ಬಯಿಲ್ದಿ ಮಾತ್ರ ತಗೊಳ್ಳಿ, ಪಕ್ಕದಲ್ಲೇ ಹಾಗೇ ಕಾಣೋ ಕಾರ್ನಿಯಾರಿಕ್‌ನಲ್ಲಿ ಖೀಮಾ ಇರತ್ತೆ. ಬರೀ ಎತ್ ಯೋಕ್ ಅಂದ್ರೆ ಮಾಂಸ ಬೇಡ ಅಂತಾಯ್ತು, ಆದ್ರೆ ಇವರಲ್ಲಿ ಎಷ್ಟೋ ಜನಕ್ಕೆ ಕೋಳಿ ಆ ಲೆಕ್ಕಕ್ಕೇ ಬರಲ್ಲ, ಬೇಳೆ ಸೂಪು, ಅನ್ನ ಎರಡಕ್ಕೂ ಮಾಂಸ ಬೇಯಿಸಿದ ನೀರು ಹಾಕಿರಬಹುದು, ಅದಕ್ಕೆ ಎತ್ ಸುಯು (ಮಾಂಸದ ನೀರು), ತಾವುಕ್ ಸುಯು (ಕೋಳಿ ನೀರು) ಇದ್ಯಾ ಅಂತ ಬಿಡಿಸಿ ಕೇಳಿ. ನಮ್ಮ ಮಡಿ ಅತ್ತೆಮ್ಮ ಬಂದ್ರೆ ಲೊಕಾಂತಾ ಬೇಡ, ಸಿಮಿತ್ ಅನ್ನೋ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು, ಹಣ್ಣು, ಮೊಸರೇ ಗತಿ. ಬೀದಿಬೀದಿಲಿ ಮಾರೋ ಚಿ ಕೋಫ್ತೆ ಹೆಸರಿಗೆ ಹಸಿಮಾಂಸದ್ದು, ಈಗ ಅಂಗಡೀಲಿ ಮಾರೋದು ಬುಲ್ಗುರ್, ಖಾರ, ಟೊಮೇಟೊ ಪೇಸ್ಟಿಂದು, ಲವಾಶ್ ಅನ್ನೋ ತೆಳು ರೊಟ್ಟೀಲಿ ಸುತ್ತಿ ನಿಂಬೆಹುಳಿ ಹಿಂಡ್ಸಿ ತಿನ್ನಿ, ಸಪ್ಪೆ ತಿಂದು ನಾಲಿಗೆ ಸತ್ತಿರೋ ದಿನ ಬೇಕಾಗೋದು ಇದೇ. ದುಡ್ಡು ಸ್ವಲ್ಪ ಜಾಸ್ತಿಯಾದ್ರೂ ಪರವಾಗಿಲ್ಲ ಅಂದ್ರೆ ಕಾಡಿಕೋಯ್ ಚಾರ್ಶಿಯ, ಅಂದ್ರೆ ಪೇಟೆಯ, ಚಿಯಾ ಅನ್ನೋ ಹೋಟೆಲಿಗೆ ಒಂದ್ಸಲ ಹೋಗಿ, ಅನಾತೋಲಿಯಾದ ಹಳ್ಳಿ ಅಡುಗೆಗಳು, ಬೇರೆಲ್ಲೂ ಕಾಣದ ಸೊಪ್ಪಿನ ಪಲ್ಯಗಳು ಸಿಗ್ತವೆ. ದುಡ್ಡು ಬಿಗಿ ಇರೋ ಸ್ಟೂಡೆಂಟ್ಸ್‌ಗೆ ಮುನಿಸಿಪಾಲಿಟಿಯವರ ಕೆಂತ್ ಲೊಕಾಂತಾಸಿ ಇದೆ, 2022ರಲ್ಲಿ ಶುರುವಾಗಿದ್ದು. ತಕ್ಸಿಮ್ ಕಡೆ ಇಂಡಿಯನ್ ರೆಸ್ಟೋರೆಂಟ್‌ಗಳಿವೆ, ನಾನ್, ಪನೀರ್ ಥರದ್ದು, ದೋಸೆ ಆಸೆಗೆ ಹೋಗೋದಾದ್ರೆ ಮೊದಲು ಮೆನು ನೋಡ್ಕೊಳ್ಳಿ.

ಕರಾವಳಿಯವರು ಇಲ್ಲಿ ಕೊರಗಬೇಕಾಗಿಲ್ಲ. ಬೂತಾಯಿ ಇಲ್ಲಿ ಸಾರ್ದಲ್ಯಾ, ಬಂಗುಡೆ ಬದಲಿಗೆ ಉಸ್ಕುಮ್ರು ಅಥವಾ ಇಸ್ತಾವ್ರಿತ್, ಚಳಿಗಾಲದಲ್ಲಿ ಹಮ್ಸಿ ಅನ್ನೋ ಸಣ್ಣ ಮೀನು ಅಗ್ಗ, ರವಾ ಫ್ರೈಗೆ ಹೇಳಿ ಮಾಡಿಸಿದ್ದು. ಕ್ಲೀನ್ ಮಾಡ್ಕೊಡಿ ಅಂದ್ರೆ ಅಲ್ಲೇ ಮಾಡ್ಕೊಡ್ತಾರೆ. ಏಪ್ರಿಲ್ 15ರಿಂದ ಆಗಸ್ಟ್ ಕೊನೆವರೆಗೆ ದೊಡ್ಡ ಬೋಟುಗಳ ಮೀನುಗಾರಿಕೆ ಬಂದ್, ಆಗ ಸಾಕಿದ ಮೀನೇ ಜಾಸ್ತಿ, ಗಸಿ ಮಾಡೋ ಪ್ಲ್ಯಾನ್ ಇದ್ರೆ ಸೆಪ್ಟೆಂಬರ್‌ವರೆಗೂ ಕಾಯಿರಿ, ಅಷ್ಟೊತ್ತಿಗೆ ಪಾಲಾಮುತ್ ಅನ್ನೋ ಮೀನು ಬಂದಿರತ್ತೆ.