ಕಂಪನಿ ಮಾರುವಾಗ ಸಣ್ಣ ಷೇರುದಾರರ ಹಕ್ಕೇನು?

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ, ಮನೆಮಂದಿಯದೇ ಒಂದು ಪ್ರೈವೇಟ್ ಕಂಪನಿ ಇದೆಯೆಂದುಕೊಳ್ಳಿ. ಶೇ 88ರಷ್ಟು ಷೇರು ಅಣ್ಣನದು, ಶೇ 12 ತಂಗಿಯದು. ಕೊಳ್ಳುವವರು ಸಿಕ್ಕಿದ್ದಾರೆ, ಸಹಿಗಾಗಿ ತಂಗಿಯ ಮನೆಗೆ ಕಾಗದ ಬಂದಿದೆ.

ಸಹಿಗೆ ಮುನ್ನ ಆಕೆ ಕಂಪನಿಯ ಒಳ ನಿಯಮಾವಳಿಯಾದ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್ ಓದಬೇಕು. ಪ್ರತಿ ಕೈಯಲ್ಲಿಲ್ಲದಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ನೋಡಬಹುದು. ಅಣ್ಣ ಮಾರಿದ ದರಕ್ಕೇ ತಾನೂ ಮಾರಬಹುದೆಂಬ 'ಟ್ಯಾಗ್ ಅಲಾಂಗ್' ಅದರಲ್ಲಿದೆಯೇ, ಅಥವಾ ಆತ ಮಾರಿದರೆ ತಾನೂ ಮಾರಲೇಬೇಕೆಂಬ 'ಡ್ರ್ಯಾಗ್ ಅಲಾಂಗ್' ಇದೆಯೇ ಎಂಬುದೇ ಮುಖ್ಯ. ಬೇರೆ ಒಪ್ಪಂದದಲ್ಲಿ ಬರೆದುಕೊಂಡಿದ್ದೇವೆ ಎಂದು ನೆಮ್ಮದಿಯಿಂದಿರುವವರೇ ಹೆಚ್ಚು. ಆದರೆ ಷೇರು ವರ್ಗಾವಣೆಯ ನಿರ್ಬಂಧ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ರಂಗರಾಜ್ ಪ್ರಕರಣದಲ್ಲಿ ಹೇಳಿದೆ.

ಬಳಿಕ, ಮಾರುತ್ತಿರುವುದು ಷೇರನ್ನೋ ಕಾರ್ಖಾನೆಯನ್ನೋ ಎಂದು ಕೇಳಬೇಕು. ಷೇರಾದರೆ, ಡ್ರ್ಯಾಗ್ ಅಲಾಂಗ್ ಇಲ್ಲದಿರುವಾಗ, ತಂಗಿ ಒಲ್ಲೆ ಎನ್ನಬಹುದು. 2013ರ ಕಂಪನಿ ಕಾಯ್ದೆಯ 235ನೇ ಸೆಕ್ಷನ್ ಪ್ರಕಾರ, ಕೊಳ್ಳುವವರ ಪ್ರಸ್ತಾವವನ್ನು ಮೌಲ್ಯದ ಲೆಕ್ಕದಲ್ಲಿ ಶೇ 90ರಷ್ಟು ಷೇರುದಾರರು ಒಪ್ಪಿದರಷ್ಟೇ ಉಳಿದವರ ಷೇರನ್ನು ಬಲವಂತವಾಗಿ ಪಡೆಯುವ ದಾರಿ ತೆರೆಯುತ್ತದೆ. ಅಣ್ಣನಿಗೆ ಇನ್ನೂ ಶೇ 2 ಬೇಕು.

ಕಾರ್ಖಾನೆಯನ್ನೇ ಮಾರಿದರೆ ಪರಿಸ್ಥಿತಿ ಬಿಗಿ. ಹಣ ಕಂಪನಿಯ ಖಾತೆಗೆ ಹೋಗುತ್ತದೆ, ತಂಗಿಯ ಕೈಗಲ್ಲ. ಪಬ್ಲಿಕ್ ಕಂಪನಿಯಲ್ಲಿ ಇದಕ್ಕೆ ವಿಶೇಷ ನಿರ್ಣಯ ಬೇಕು: ಪರವಾದ ಮತಗಳು ವಿರೋಧದ ಮತಗಳ ಮೂರು ಪಟ್ಟಾದರೂ ಇರಬೇಕು. ವಾರ್ಷಿಕ ಲೆಕ್ಕಪತ್ರ ಸಲ್ಲಿಸುವುದರಲ್ಲಿ ತಪ್ಪದ ಪ್ರೈವೇಟ್ ಕಂಪನಿಗೆ ಆ ಷರತ್ತಿನಿಂದ ವಿನಾಯಿತಿಯಿದೆ; ಷರತ್ತು ಅನ್ವಯಿಸಿದ್ದರೂ ಅಣ್ಣನ ಶೇ 88 ಅದನ್ನು ಸುಲಭವಾಗಿ ದಾಟುತ್ತಿತ್ತು.

ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಸಣ್ಣವರ ಸ್ಥಿತಿ ವಾಸಿ. ನಮ್ಮ ಬೆಂಗಳೂರಿನ ಐಟಿ ಕಂಪನಿ ಮೈಂಡ್‌ಟ್ರೀಯನ್ನು 2019ರಲ್ಲಿ ಎಲ್ ಅಂಡ್ ಟಿ ವಶಪಡಿಸಿಕೊಂಡಾಗ, ದೊಡ್ಡ ಪಾಲುದಾರರಿಗೆ ಕೊಟ್ಟ ₹980 ದರವನ್ನೇ ಓಪನ್ ಆಫರ್‌ನಲ್ಲಿ, ಅಂದರೆ ಉಳಿದ ಷೇರುದಾರರಿಗೆ ನಿಯಮದಂತೆ ಮಾಡಬೇಕಾದ ಬಹಿರಂಗ ಖರೀದಿ ಪ್ರಸ್ತಾವದಲ್ಲಿ, ಉಳಿದವರ ಮುಂದೆಯೂ ಇಟ್ಟಿತು. ಪೀಣ್ಯದ ತಂಗಿಗೆ ಅಂಥ ನಿಯಮದ ಆಸರೆಯಿಲ್ಲ.

ಆಕೆಗಿರುವ ಅಸ್ತ್ರ 241ನೇ ಸೆಕ್ಷನ್. ಷೇರು ಬಂಡವಾಳದ ಶೇ 10 ಇದ್ದವರು ದಬ್ಬಾಳಿಕೆಯ ದೂರಿನೊಂದಿಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಬಹುದು. ದರ ಕಡಿಮೆಯಾಯಿತೆಂಬ ಬೇಸರವೊಂದೇ ಅಲ್ಲಿ ನಿಲ್ಲುವುದು ಕಷ್ಟ. ಕೊಂಡದ್ದು ಅಣ್ಣನ ಮಗನದೇ ಸಂಸ್ಥೆ ಎಂದು ತೋರಿಸುವ ಕಾಗದವಿದ್ದರೆ ಮಾತು ಬೇರೆ. ಆದ್ದರಿಂದ ಸಭೆಯ ನೋಟಿಸು, ಅದು ಬಂದ ಲಕೋಟೆ, ವಾಟ್ಸ್‌ಆ್ಯಪ್ ಸಂದೇಶಗಳು, ಯಾವುದನ್ನೂ ಅಳಿಸಬಾರದು, ಎಸೆಯಬಾರದು.