ಟ್ಯಾಕ್ಟಿಕಲ್ ಆರ್‌ಪಿಜಿ: ಹೊಡೆಯುವ ಮೊದಲು ನಿಲ್ಲುವ ಜಾಗ

ಟ್ಯಾಕ್ಟಿಕಲ್ ಆರ್‌ಪಿಜಿ, ಅಂದರೆ ಸರದಿ ಪ್ರಕಾರ ಒಂದೊಂದೇ ಪಾತ್ರವನ್ನು ನಡೆಸಿ ಕಾದಾಡುವ ವಿಡಿಯೊ ಗೇಮ್, ಹೊಸದಾಗಿ ಶುರು ಮಾಡಿದವರು ನನ್ನ ಹತ್ತಿರ ಮೊದಲು ಕೇಳುವುದು, ಯಾವ ಪಾತ್ರಕ್ಕೆ ಬಲ ಜಾಸ್ತಿ, ಯಾವ ಆಯುಧ ಒಳ್ಳೆಯದು ಅಂತ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಟರ್ನ್ ಮುಗಿಸುವ ಬಟನ್ ಒತ್ತುವಾಗ ನಿಮ್ಮವರು ಯಾರ್ಯಾರು ಎಲ್ಲೆಲ್ಲಿ ನಿಂತಿರುತ್ತಾರೆ? ವರ್ಷಗಳಿಂದ ಈ ಆಟಗಳನ್ನು ಆಡುತ್ತಾ ನಾನು ಕಲಿತದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಆಟದ ಸ್ವರೂಪ ಹೀಗೆ. ಮ್ಯಾಪ್ ತುಂಬಾ ಚೆಸ್ ಹಲಗೆಯ ಹಾಗೆ ಮನೆಗಳಿರುತ್ತವೆ. ನಮ್ಮ ಕಡೆ ಐದಾರು ಜನ ಅಥವಾ ಹತ್ತು ಹನ್ನೆರಡು ಜನ, ಆ ಕಡೆ ಸಾಮಾನ್ಯವಾಗಿ ಇನ್ನೂ ಜಾಸ್ತಿ. ಒಂದು ಟರ್ನ್ ನಮ್ಮದು, ಒಂದು ಅವರದು. ಚೆಸ್‌ನಲ್ಲಿ ಕಾಯಿ ಎದುರಾಳಿಯ ಮನೆಗೆ ಹೋದರೆ ಕಡಿದ ಹಾಗೆಯೇ. ಇಲ್ಲಿ ಹಾಗಲ್ಲ. ಹೊಡೆತ ತಪ್ಪಬಹುದು, ತಾಗಿದರೂ ಎದುರಾಳಿ ಉಳಿಯಬಹುದು, ಉಳಿದವನು ತಿರುಗಿ ಹೊಡೆಯಬಹುದು. ಜೊತೆಗೆ ಪ್ರತಿ ಪಾತ್ರಕ್ಕೂ ಹೆಸರು, ಕಥೆ, ಲೆವೆಲ್ ಎಲ್ಲ ಇರುತ್ತದೆ. ಇಂಟೆಲಿಜೆಂಟ್ ಸಿಸ್ಟಮ್ಸ್ ಕಂಪನಿ 1990ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕೆ ಮಾಡಿದ, ಫೈರ್ ಎಂಬ್ಲೆಮ್ ಸರಣಿಯ ಮೊದಲ ಆಟದಲ್ಲೇ, ಯುದ್ಧದಲ್ಲಿ ಸತ್ತ ಪಾತ್ರ ಮುಂದಿನ ಅಧ್ಯಾಯಕ್ಕೆ ಬರುವುದಿಲ್ಲ ಎಂಬ ನಿಯಮ ಇತ್ತು. ಒಬ್ಬ ಸೈನಿಕನನ್ನು ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದಕ್ಕೆ ಅಷ್ಟು ತೂಕ ಬರುವುದು ಅದರಿಂದಲೇ.

ಹೊಸಬರ ಕೈ ಸಹಜವಾಗಿ ಹೊಡೆಯುವ ಕಡೆ ಹೋಗುತ್ತದೆ. ಎಲ್ಲರನ್ನೂ ಪೂರ್ತಿ ದೂರ ಮುಂದೆ ಓಡಿಸಿ, ಕೈಗೆ ಸಿಕ್ಕ ಶತ್ರುವಿಗೆ ಹೊಡೆದು ಟರ್ನ್ ಮುಗಿಸುತ್ತಾರೆ. ಆಮೇಲೆ ಆ ಕಡೆಯ ಎಂಟು ಜನ ಒಟ್ಟಿಗೆ ಬಂದು ಮುಂದೆ ನಿಂತ ಒಬ್ಬ ಮಂತ್ರವಾದಿಯ ಮೇಲೆ ಬೀಳುತ್ತಾರೆ. ಮಂತ್ರವಾದಿಯ ಬಲದಲ್ಲಿ ಕೊರತೆ ಇರಲಿಲ್ಲ. ಅವನು ಎಂಟು ಜನರ ಕೈಗೆ ಎಟುಕುವ ಮನೆಯಲ್ಲಿ ನಿಂತಿದ್ದ, ಅಷ್ಟೇ.

ಅದಕ್ಕೇ ನಾನು ಹೊಸ ಮ್ಯಾಪ್ ತೆರೆದ ಕೂಡಲೇ ಯಾರನ್ನೂ ಕದಲಿಸುವುದಿಲ್ಲ. ಮೊದಲು ಗೆಲ್ಲುವ ಷರತ್ತು ಓದುತ್ತೇನೆ. ಎಲ್ಲರನ್ನೂ ಕೊಲ್ಲಬೇಕಾ, ನಾಯಕನೊಬ್ಬನನ್ನು ಹೊಡೆದರೆ ಸಾಕಾ, ಇಷ್ಟು ಟರ್ನ್ ಉಳಿದುಕೊಂಡರೆ ಸಾಕಾ? ಇದನ್ನು ಓದದೆ ಆಡುವವರು ಬಹಳ ಜನ. ಹತ್ತು ಟರ್ನ್ ಕೋಟೆ ಕಾಯಬೇಕಾದ ಮ್ಯಾಪ್‌ನಲ್ಲಿ ಶತ್ರುವನ್ನು ಅಟ್ಟಿಸಿಕೊಂಡು ಹೊರಗೆ ಹೋಗುತ್ತಾರೆ. ಆಮೇಲೆ ಒಬ್ಬೊಬ್ಬ ಶತ್ರುವಿನ ಮೇಲೆ ಕರ್ಸರ್ ಇಟ್ಟು ಅವನು ಎಲ್ಲಿಯವರೆಗೆ ಬಂದು ಹೊಡೆಯಬಲ್ಲ ಅಂತ ನೋಡುತ್ತೇನೆ. ಈಗಿನ ಹೆಚ್ಚಿನ ಆಟಗಳಲ್ಲಿ ಎಲ್ಲ ಶತ್ರುಗಳ ದಾಳಿಯ ವ್ಯಾಪ್ತಿಯನ್ನು ಒಂದೇ ಸಲ ಬಣ್ಣ ಹಚ್ಚಿ ತೋರಿಸುವ ಬಟನ್ ಇರುತ್ತದೆ. ಹೊಸ ಆಟದಲ್ಲಿ ನಾನು ಮೊದಲು ಹುಡುಕುವುದೇ ಆ ಬಟನ್.

ಬಟನ್ ಇಲ್ಲದಿದ್ದರೂ ಲೆಕ್ಕ ಸುಲಭ. ನಡೆಯುವ ಮನೆಗಳಿಗೆ ಆಯುಧದ ದೂರ ಕೂಡಿಸಿ. ಐದು ಮನೆ ನಡೆಯುವ ಈಟಿಗಾರ ಪಕ್ಕದ ಮನೆಗೆ ಮಾತ್ರ ಹೊಡೆಯುತ್ತಾನೆ ಎಂದಾದರೆ ಅವನು ಎಟುಕುವುದು ಆರು ಮನೆ. ಅಷ್ಟೇ ನಡೆಯುವ ಬಿಲ್ಲುಗಾರ ಎರಡು ಮನೆ ದೂರ ಹೊಡೆದರೆ ಅವನದು ಏಳು. ಈಗ ಇಬ್ಬರು ಈಟಿಗಾರರು, ಒಬ್ಬ ಬಿಲ್ಲುಗಾರ ಎದುರಿಗಿದ್ದಾರೆ ಅಂದುಕೊಳ್ಳಿ. ನನ್ನ ಬಳಿ ದಪ್ಪ ಕವಚದ ಒಬ್ಬ, ಹಿಂದೆ ನಾಲ್ಕು ಜನ. ಕವಚದವನನ್ನು ಮೊದಲ ಈಟಿಗಾರನಿಂದ ಸರಿಯಾಗಿ ಆರನೇ ಮನೆಯಲ್ಲಿ ನಿಲ್ಲಿಸುತ್ತೇನೆ. ಆ ಮನೆ ಎರಡನೇ ಈಟಿಗಾರನಿಂದಲೂ ಬಿಲ್ಲುಗಾರನಿಂದಲೂ ಎಂಟು ಮನೆ ದೂರ ಇರಬೇಕು. ಉಳಿದ ನಾಲ್ವರೂ ಯಾರ ವ್ಯಾಪ್ತಿಗೂ ಸಿಗದ ಮನೆಗಳಲ್ಲಿ, ಆದರೆ ಕವಚದವನ ಹತ್ತಿರವೇ ಇರುತ್ತಾರೆ. ಟರ್ನ್ ಮುಗಿಸುತ್ತೇನೆ. ಮೊದಲ ಈಟಿಗಾರ ಒಬ್ಬನೇ ಬಂದು ಕವಚಕ್ಕೆ ಹೊಡೆಯುತ್ತಾನೆ, ತಿರುಗೇಟು ತಿನ್ನುತ್ತಾನೆ. ಉಳಿದಿಬ್ಬರು ಹೊರಟರೂ ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ, ಹೊಡೆಯಲು ಆಗುವುದಿಲ್ಲ. ಈಗ ನನ್ನ ಟರ್ನ್. ಒಬ್ಬನ ಮೇಲೆ ಐದು ಜನ.

ಇದನ್ನೇ ಆಡುವವರು ಬೇಟ್ ಹಾಕುವುದು, ಅಂದರೆ ಗಾಳಕ್ಕೆ ಎರೆ ಹಾಕುವುದು, ಅನ್ನುತ್ತಾರೆ. ಮೊದಲ ಸಲ ಇದು ಸರಿಯಾಗಿ ಕೆಲಸ ಮಾಡಿದಾಗ ಸಿಗುವ ಖುಷಿಯೇ ನನ್ನನ್ನು ಈ ಆಟಗಳಿಗೆ ಅಂಟಿಸಿದ್ದು. ಶತ್ರು ಎಷ್ಟೇ ಜನ ಇರಲಿ, ಒಂದೊಂದು ಟರ್ನ್‌ಗೆ ಒಬ್ಬಿಬ್ಬರನ್ನು ಮಾತ್ರ ನಮ್ಮ ಹತ್ತಿರ ಬರುವ ಹಾಗೆ ಮಾಡಬಹುದು. ಇದಕ್ಕೆ ಎರಡು ಎಚ್ಚರಿಕೆ ಇವೆ. ಬೇಟ್ ಆಗಿ ನಿಲ್ಲುವವನಿಗೆ ಯಾವ ಆಯುಧ ಹೆಚ್ಚು ನೋವು ಕೊಡುತ್ತದೆ ಅಂತ ನೋಡಿಕೊಳ್ಳಿ. ದಪ್ಪ ಕವಚದವನು ಕತ್ತಿಗೆ ಬಗ್ಗುವುದಿಲ್ಲ, ಆದರೆ ಮಂತ್ರಕ್ಕೆ ಸಾಮಾನ್ಯವಾಗಿ ಬೇಗ ಬೀಳುತ್ತಾನೆ. ಇನ್ನೊಂದು, ಬಂದವನನ್ನು ಕೊಲ್ಲುವ ಭರದಲ್ಲಿ ಹಿಂದಿನ ನಾಲ್ವರು ಮುಂದೆ ಹೋಗಿ ಮತ್ತೆ ಬೇರೆಯವರ ವ್ಯಾಪ್ತಿಗೆ ಸಿಕ್ಕಿಬಿಡುತ್ತಾರೆ. ಕೊಂದ ಮೇಲೆ ಎಲ್ಲಿ ನಿಂತಿರುತ್ತಾರೆ ಅನ್ನುವುದು ಕೊಲ್ಲುವಷ್ಟೇ ಮುಖ್ಯ.

ಫೈರ್ ಎಂಬ್ಲೆಮ್‌ನಂಥ ಆಟಗಳಲ್ಲಿ ತಿರುಗೇಟು ಎಷ್ಟು ದೊಡ್ಡ ಆದಾಯ ಅಂತ ಹೊಸಬರಿಗೆ ತಕ್ಷಣ ಕಾಣುವುದಿಲ್ಲ. ಎಸೆಯುವ ಕೊಡಲಿ, ಎಸೆಯುವ ಈಟಿ ಹಿಡಿದವನು ಪಕ್ಕದವನಿಗೂ ಎರಡು ಮನೆ ದೂರದವನಿಗೂ ತಿರುಗಿ ಹೊಡೆಯುತ್ತಾನೆ. ಶತ್ರುಗಳ ಟರ್ನ್‌ನಲ್ಲಿ ಮೂವರು ಅವನ ಮೇಲೆ ಬಿದ್ದರೆ ಮೂರು ಸಲ ಹೊಡೆಯುವ ಅವಕಾಶ. ನಮ್ಮ ಟರ್ನ್‌ನಲ್ಲಿ ಅವನಿಗೆ ಸಿಗುವುದು ಒಂದೇ. ಕತ್ತಿಗೆ ಕೊಡಲಿ ಸೋಲುತ್ತದೆ, ಕೊಡಲಿಗೆ ಈಟಿ, ಈಟಿಗೆ ಕತ್ತಿ. ಈ ತ್ರಿಕೋನ ಆ ಸರಣಿಯ ಬಹುಪಾಲು ಆಟಗಳಲ್ಲಿದೆ. ಹಾಗಾಗಿ ಟರ್ನ್ ಮುಗಿಸುವ ಮುಂಚೆ ಮುಂದೆ ನಿಂತವನ ಕೈಯಲ್ಲಿ ಯಾವ ಆಯುಧ ಇದೆ ಅಂತ ಒಮ್ಮೆ ನೋಡುವುದು ನನಗೆ ಅಭ್ಯಾಸವಾಗಿದೆ.

ನೆಲದ ವಿಷಯ ಕಲಿಯಲು ನಾನು ಎಲ್ಲರಿಗೂ ಹೇಳುವುದು ಬ್ಯಾಟಲ್ ಫಾರ್ ವೆಸ್ನಾತ್. 2003ರಿಂದ ಇರುವ ಓಪನ್ ಸೋರ್ಸ್ ಆಟ, ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಹೊಡೆತ ತಾಗುವ ಸಾಧ್ಯತೆಯನ್ನು ಹೆಚ್ಚಾಗಿ ತೀರ್ಮಾನಿಸುವುದು ಹೊಡೆಸಿಕೊಳ್ಳುವವನು ನಿಂತ ನೆಲ. ಸಾಮಾನ್ಯ ಮನುಷ್ಯ ಸೈನಿಕ ಕೋಟೆಯಲ್ಲೋ ಹಳ್ಳಿಯಲ್ಲೋ ನಿಂತರೆ ಅವನಿಗೆ ಹೊಡೆತ ತಾಗುವುದು ಶೇ 40. ಬಯಲಲ್ಲಿ ಶೇ 60. ಆಳವಿಲ್ಲದ ನೀರಿನಲ್ಲಿ ಶೇ 80. ಅಂದರೆ ಅದೇ ಈಟಿಗಾರ, ಅದೇ ಮೂರು ತಿವಿತ, ಆದರೆ ಶತ್ರು ಹೊಳೆಯಲ್ಲಿದ್ದಾಗ ಸರಾಸರಿ ಪೆಟ್ಟು ಕೋಟೆಯಲ್ಲಿದ್ದಾಗಿನ ಎರಡರಷ್ಟು. ಆದ್ದರಿಂದ ನಾನು ನದಿ ದಾಟಿ ದಾಳಿ ಮಾಡುವ ಬದಲು ದಡದಲ್ಲಿ ಕಾದು ಕೂರುತ್ತೇನೆ. ಹಗಲಲ್ಲಿ ಕೆಲವರ ಪೆಟ್ಟು ಶೇ 25 ಏರುತ್ತದೆ, ರಾತ್ರಿ ಅಷ್ಟೇ ಇಳಿಯುತ್ತದೆ. ಓರ್ಕ್ ಎಂಬ ರಾಕ್ಷಸರಂಥ ಸೈನಿಕರಿಗೆ ಇದು ತಿರುವುಮುರುವು. ಕತ್ತಲಾಗುವಾಗ ಹಿಂದೆ ಸರಿದು, ಬೆಳಗಾದ ಮೇಲೆ ಮುಂದೆ ಹೋಗುವುದು ಆ ಆಟ ಕಲಿಸುವ ಬಹಳ ಒಳ್ಳೆಯ ಪಾಠ. ಹಿಂದೆ ಸರಿಯುವುದೂ ಒಂದು ನಡೆ ಅಂತ ಬೇರೆ ಯಾವ ಆಟವೂ ನನಗೆ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ.

ಬಂದೂಕು ಹಿಡಿದು ಅನ್ಯಗ್ರಹದವರ ಜೊತೆ ಕಾದಾಡುವ ಎಕ್ಸ್‌ಕಾಮ್ ಸರಣಿ ಇದಕ್ಕಿಂತ ಬೇರೆ ಥರ. ಅಲ್ಲಿ ಶತ್ರುಗಳು ಎಲ್ಲಿದ್ದಾರೆ ಅಂತಲೇ ಕಾಣುವುದಿಲ್ಲ. ಫಿರಾಕ್ಸಿಸ್ ಕಂಪನಿ 2012ರಲ್ಲಿ ತಂದ ಎನಿಮಿ ಅನ್‌ನೋನ್‌ನಲ್ಲಿ ಶತ್ರುಗಳ ಗುಂಪು ನಮ್ಮ ಕಣ್ಣಿಗೆ ಬಿದ್ದ ಕ್ಷಣ ಓಡಿ ಮರೆಗೆ ನಿಲ್ಲುತ್ತದೆ. ಈಗ ಯೋಚಿಸಿ. ನಿಮ್ಮ ಕೊನೆಯ ಸೈನಿಕ ಮುಂದೆ ಓಡಿದಾಗ ಗುಂಪು ಎದ್ದರೆ, ಹೊಡೆಯಲು ಯಾರೂ ಉಳಿದಿರುವುದಿಲ್ಲ. ಅದೇ ಮೊದಲ ಸೈನಿಕನ ಮೊದಲ ನಡೆಗೆ ಎದ್ದರೆ, ಉಳಿದವರೆಲ್ಲ ಇನ್ನೂ ತಮ್ಮ ನಡೆ ಉಳಿಸಿಕೊಂಡು ಸಿದ್ಧರಿರುತ್ತಾರೆ. ಹಾಗಾಗಿ ನಾನು ಹೊಸ ಜಾಗಕ್ಕೆ ಕಾಲಿಡಿಸುವುದು ಟರ್ನ್‌ನ ಮೊದಲ ನಡೆಯಲ್ಲಿ ಮಾತ್ರ. ಕೊನೆಯವನು ಆಗಲೇ ನೋಡಿದ ಜಾಗದಲ್ಲೇ ನಿಲ್ಲುತ್ತಾನೆ.

ಅದೇ ಆಟದಲ್ಲಿ ಮರೆಯ ಲೆಕ್ಕವೂ ನೇರ. ಹೊಸ ಸೈನಿಕನ ಹೊಡೆತ ತಾಗುವ ಸಾಧ್ಯತೆ ಶೇ 65. ಅರ್ಧ ಮರೆ ಅದರಿಂದ 20 ಕಳೆಯುತ್ತದೆ, ಪೂರ್ತಿ ಮರೆ 40. ದೂರ, ಎತ್ತರಗಳ ಲೆಕ್ಕ ಬಿಟ್ಟರೆ, ಪೂರ್ತಿ ಮರೆಯಲ್ಲಿರುವವನಿಗೆ ಹೊಡೆಯುವ ಸಾಧ್ಯತೆ ಬರೀ ಶೇ 25. ಪಕ್ಕಕ್ಕೆ ಸುತ್ತಿ ಬಂದು ಮರೆ ಇಲ್ಲದ ಕಡೆಯಿಂದ ಹೊಡೆದರೆ ಪೂರ್ತಿ 65 ವಾಪಸ್, ಮೇಲೆ ಕ್ರಿಟಿಕಲ್ ಹೊಡೆತದ, ಅಂದರೆ ಮಾಮೂಲಿಗಿಂತ ಜಾಸ್ತಿ ಪೆಟ್ಟಿನ, ಅವಕಾಶ ಬೇರೆ. ಹೊಸ ಬಂದೂಕು ಸಿಗುವವರೆಗೆ ಕಾಯಬೇಕಿಲ್ಲ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಸಾಕು.

ಶೇಕಡಾವಾರು ಸಂಖ್ಯೆಗಳ ಮೇಲೆ ಹೊಸಬರಿಗೆ ಬೇಗ ಸಿಟ್ಟು ಬರುತ್ತದೆ. ಶೇ 90 ತೋರಿಸಿ ತಪ್ಪಿಹೋಯಿತು, ಆಟ ಮೋಸ ಮಾಡುತ್ತಿದೆ ಅನ್ನುತ್ತಾರೆ. ಲೆಕ್ಕ ಮಾಡಿ ನೋಡಿ. ಶೇ 90ರ ಐದು ಹೊಡೆತಗಳು ಐದೂ ತಾಗುವ ಸಾಧ್ಯತೆ ಸುಮಾರು ಶೇ 59. ಐದೂ ತಾಗಲೇಬೇಕು ಅನ್ನುವ ಯೋಜನೆ ಹಾಗಾದರೆ ಹತ್ತರಲ್ಲಿ ನಾಲ್ಕು ಸಲ ಕೆಡುತ್ತದೆ. ಇನ್ನು ಕೆಲವು ಆಟಗಳು ನಮ್ಮ ಮನಸ್ಸಿಗೆ ಒಗ್ಗುವ ಹಾಗೆ ಲೆಕ್ಕವನ್ನೇ ಬದಲಿಸಿವೆ. 2002ರ ಫೈರ್ ಎಂಬ್ಲೆಮ್‌ನಿಂದ ಶುರುವಾಗಿ ಆ ಸರಣಿಯ ಹಲವು ಆಟಗಳು ಹೊಡೆತ ತಾಗಿತಾ ಅಂತ ತೀರ್ಮಾನಿಸಲು ಲಾಟರಿಯ ಹಾಗೆ ಒಂದರ ಬದಲು ಎರಡು ಸಂಖ್ಯೆ ತೆಗೆದು ಅವುಗಳ ಸರಾಸರಿ ನೋಡುತ್ತವೆ. ಅಲ್ಲಿ ಶೇ 90 ಅಂತ ತೋರಿಸಿದ್ದು ನಿಜದಲ್ಲಿ ಸುಮಾರು 98, ಶೇ 75 ಅಂದರೆ 87ರ ಆಸುಪಾಸು. ಅಲ್ಲಿಂದ ನೇರವಾಗಿ ಎಕ್ಸ್‌ಕಾಮ್‌ಗೆ ಬಂದವರಿಗೆ ಅದೇ 75 ಬಹಳ ತಪ್ಪುವ ಹಾಗೆ ಕಾಣುವುದು ಸಹಜ, ಅಲ್ವಾ?

ನಾನು ಮಾಡುವುದು ಇಷ್ಟು. ತಪ್ಪಬಹುದಾದ ಹೊಡೆತವನ್ನು ಮೊದಲು ಹೊಡೆಯುತ್ತೇನೆ, ಖಚಿತವಾದದ್ದನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಎಕ್ಸ್‌ಕಾಮ್‌ನ ಗ್ರೆನೇಡ್ ಗುರಿ ತಪ್ಪುವುದಿಲ್ಲ. ಅದನ್ನು ಮೊದಲೇ ಎಸೆದರೆ ಆಮೇಲಿನ ತಪ್ಪನ್ನು ಸರಿಪಡಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಗ್ರೆನೇಡ್‌ನಿಂದ ಶತ್ರುವಿನ ಮರೆ ಒಡೆಯಬೇಕಿದ್ದರೆ ಮಾತ್ರ ಈ ಕ್ರಮ ಬಿಡುತ್ತೇನೆ.

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಬಗ್ಗೆ ಒಂದೆರಡು ಮಾತು, ಏಕೆಂದರೆ 1997ರ ಆ ಆಟ 2025ರಲ್ಲಿ ಹೊಸ ರೂಪದಲ್ಲಿ ಬಂದಿದೆ, ಅದರಿಂದಲೇ ಶುರು ಮಾಡುವವರು ಇದ್ದಾರೆ. ಅಲ್ಲಿ ಎರಡು ಕಡೆಗೆ ಬೇರೆ ಬೇರೆ ಟರ್ನ್ ಇಲ್ಲ. ಯಾರ ವೇಗ ಜಾಸ್ತಿಯೋ ಅವರ ಸರದಿ ಬೇಗ ಬರುತ್ತದೆ. ಪ್ರತಿ ಪಾತ್ರದ ಸರದಿ ಮುಗಿದಾಗ ಯಾವ ಕಡೆ ಮುಖ ಮಾಡಬೇಕು ಅಂತ ಕೇಳುತ್ತದೆ. ಸುಮ್ನೆ ಒತ್ತಿ ಮುಂದೆ ಹೋಗಬೇಡಿ, ಬೆನ್ನಿಗೆ ಬೀಳುವ ಹೊಡೆತ ತಪ್ಪಿಸಿಕೊಳ್ಳುವುದು ಕಷ್ಟ. ದೊಡ್ಡ ಮಂತ್ರಗಳು ಹಾಕಿದ ಕೂಡಲೇ ಬೀಳುವುದಿಲ್ಲ, ಸಮಯ ತೆಗೆದುಕೊಳ್ಳುತ್ತವೆ. ಮಂತ್ರವನ್ನು ಮನೆಯ ಬದಲು ಶತ್ರುವಿನ ಮೇಲೆ ಗುರಿಯಿಟ್ಟರೆ ಅದು ಅವನ ಜೊತೆಗೇ ಹೋಗುತ್ತದೆ. ಅವನು ಅಷ್ಟರಲ್ಲಿ ನಿಮ್ಮವರ ಪಕ್ಕಕ್ಕೆ ಬಂದು ನಿಂತಿದ್ದರೆ ಬೆಂಕಿ ಎಲ್ಲರ ಮೇಲೂ ಬೀಳುತ್ತದೆ. ಮಂತ್ರ ಹಾಕುವ ಮುಂಚೆ ಸರದಿಯ ಪಟ್ಟಿ ನೋಡುವುದು ಅದಕ್ಕೇ.

ಲೆವೆಲ್ ಏರಿಸುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೆಚ್ಚಿನ ಆಟಗಳಲ್ಲಿ ಕೊನೆಯ ಹೊಡೆತ ಕೊಟ್ಟವನಿಗೇ ಲೆವೆಲ್ ಏರಿಸುವ ಅಂಕಗಳ ದೊಡ್ಡ ಪಾಲು. ವೆಸ್ನಾತ್‌ನಲ್ಲಿ ಒಂದನೇ ಲೆವೆಲ್ ಶತ್ರುವಿನ ಜೊತೆ ಹೋರಾಡಿದರೆ 1 ಅಂಕ, ಕೊಂದರೆ 8. ಶುರುವಿನಲ್ಲೇ ಬಲಶಾಲಿಯಾದ ಹಿರಿಯ ಯೋಧನೊಬ್ಬ ಜೊತೆಗಿದ್ದರೆ ಅವನಿಂದ ಶತ್ರುವನ್ನು ಅರ್ಧ ಇಳಿಸಿ, ಕೊನೆಯ ಪೆಟ್ಟು ಕಿರಿಯರಿಗೆ ಬಿಡಿ. ಅವನನ್ನು ಪೂರ್ತಿ ಮೂಲೆಗೆ ಕೂರಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇಟ್ ಆಗಿ ನಿಲ್ಲಲು ಅವನಿಗಿಂತ ಒಳ್ಳೆಯವರು ಆಗ ಸಿಗುವುದಿಲ್ಲ.

ಸತ್ತವರು ವಾಪಸ್ ಬರದ ನಿಯಮ ಇಟ್ಟುಕೊಳ್ಳಬೇಕಾ ಅಂತ ಕೇಳುವವರಿಗೆ, ಮೊದಲ ಆಟದಲ್ಲಿ ಬೇಡ ಅನ್ನುತ್ತೇನೆ. 2010ರಿಂದ ಈಚಿನ ಫೈರ್ ಎಂಬ್ಲೆಮ್‌ಗಳಲ್ಲಿ ಬಿದ್ದವರು ಮುಂದಿನ ಅಧ್ಯಾಯಕ್ಕೆ ಎದ್ದು ಬರುವ ಕ್ಯಾಶುವಲ್ ಮೋಡ್ ಇದೆ. 2019ರ ತ್ರೀ ಹೌಸಸ್‌ನಲ್ಲಿ ಕೆಲವು ಸಲ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. ಈ ಸೌಲಭ್ಯವನ್ನು ನಾನು ಬಳಸುವ ರೀತಿ ಬೇರೆ. ತಪ್ಪಿದ ಹೊಡೆತದಿಂದ ಶುರು ಮಾಡದೆ, ಸತ್ತವನು ಆ ಮನೆಗೆ ಹೋದ ಕ್ಷಣದವರೆಗೆ ಹಿಂದೆ ಹೋಗುತ್ತೇನೆ. ಅದೇ ಹೊಡೆತವನ್ನು ಮತ್ತೆ ಹೊಡೆಯುವುದರಿಂದ ಕಲಿತದ್ದು ಏನೂ ಇರುವುದಿಲ್ಲ.

ಜಾಗದ ಲೆಕ್ಕವನ್ನಷ್ಟೇ ಅಭ್ಯಾಸ ಮಾಡಬೇಕು ಅನ್ನುವವರಿಗೆ 2018ರ ಇನ್‌ಟು ದ ಬ್ರೀಚ್ ತುಂಬಾ ಒಳ್ಳೆಯದು. ಎಂಟು ಬೈ ಎಂಟು ಮನೆ, ನಮ್ಮ ಕಡೆ ಮೂರೇ ಯಂತ್ರಗಳು, ಒಂದು ಕಾಳಗ ಸಾಮಾನ್ಯವಾಗಿ ನಾಲ್ಕೈದು ಟರ್ನ್. ಶತ್ರು ಮುಂದೆ ಯಾವ ಮನೆಗೆ ಹೊಡೆಯುತ್ತಾನೆ ಅಂತ ಮೊದಲೇ ತೋರಿಸುತ್ತದೆ. ಅವನನ್ನು ಕೊಲ್ಲದೆ ಒಂದು ಮನೆ ಪಕ್ಕಕ್ಕೆ ತಳ್ಳಿ, ಅವನ ಹೊಡೆತ ಇನ್ನೊಬ್ಬ ಶತ್ರುವಿಗೇ ಬೀಳುವ ಹಾಗೆ ಮಾಡಬಹುದು. ಅದನ್ನು ಕೆಲವು ಸಂಜೆ ಆಡಿ ಫೈರ್ ಎಂಬ್ಲೆಮ್‌ಗೆ ಹೋದವರು ಮ್ಯಾಪ್ ನೋಡುವ ರೀತಿಯೇ ಬೇರೆ ಆಗಿರುವುದನ್ನು ನಾನು ಕಂಡಿದ್ದೇನೆ.

ಕೊನೆಗೊಂದು ಸಣ್ಣ ಅಭ್ಯಾಸ. ದೊಡ್ಡ ಮ್ಯಾಪ್‌ನ ಮಧ್ಯದಲ್ಲಿ ಆಟ ನಿಲ್ಲಿಸಬೇಕಾದರೆ, ಸೇವ್ ಮಾಡಿ ಒಂದು ಚೀಟಿಯಲ್ಲಿ ಮೂರು ಸಾಲು ಬರೆದಿಡುತ್ತೇನೆ. ಬೇಟ್ ಯಾರು, ಯಾವ ಶತ್ರುವನ್ನು ಕಾಯುತ್ತಿದ್ದೇನೆ, ಯಾವ ಮೂಲೆಯಿಂದ ಹೊಸಬರು ಬರಬಹುದು. ಎರಡು ದಿನ ಬಿಟ್ಟು ತೆರೆದಾಗ ಪರದೆಯಲ್ಲಿ ಪಾತ್ರಗಳು ಇದ್ದಲ್ಲೇ ಇರುತ್ತವೆ, ಯೋಜನೆ ಮಾತ್ರ ತಲೆಯಲ್ಲಿ ಇರುವುದಿಲ್ಲ. ಚೀಟಿ ಇಲ್ಲದಿದ್ದರೆ ಆ ಟರ್ನ್‌ನಲ್ಲಿ ಯಾರನ್ನೂ ಮುಂದೆ ಕಳಿಸದೆ, ಶತ್ರುಗಳ ವ್ಯಾಪ್ತಿಯನ್ನು ಮತ್ತೆ ಒಂದೊಂದಾಗಿ ನೋಡಿ ಶುರು ಮಾಡುತ್ತೇನೆ.