ಒಂದು ಮಿಲಿಮೀಟರ್ ತಪ್ಪಿದ ಸ್ಕೇಲನ್ನು ಉಳಿಸಿಕೊಂಡಿದ್ದು: ನನ್ನ ಅನುಭವ

ಸ್ಕೇಲು ಅಂದರೆ ಚಾಕುವಿನ ಹಿಡಿಗೆ ಎರಡೂ ಪಕ್ಕ ಅಂಟಿಸಿ, ಪಿನ್ ಹಾಕಿ ಕೂರಿಸೋ ಮರದ ಹಲಗೆ. ಪಿನ್ ತೂತು ಒಂದು ಮಿಲಿಮೀಟರ್ ಆಚೆ ಬಿದ್ದ ಸ್ಕೇಲನ್ನು ಎಪಾಕ್ಸಿ ಅಂಟು ಪೂರ್ತಿ ಗಟ್ಟಿಯಾದ ಮೇಲೂ ಬಿಚ್ಚಿ, ಅದೇ ಮರವನ್ನು ಮತ್ತೆ ಸರಿಯಾಗಿ ಕೂರಿಸಬಹುದು. ಆಗಲ್ಲ ಅಂದವರು ಮೂರ್ನಾಲ್ಕು ಜನ ಇದ್ದರು. ಅವರಲ್ಲಿ ಇಬ್ಬರು ಈ ಕೆಲಸದಲ್ಲಿ ನನಗಿಂತ ಹಳಬರು. "ಬೆಲ್ಟ್ ಗ್ರೈಂಡರ್‌ಗೆ ಹಿಡಿದು ಎರಡೂ ಸ್ಕೇಲು ತೆಗೆದುಬಿಡು, ಹೊಸ ಜೋಡಿ ಹಾಕು, ಒಂದು ಸಂಜೆ ಕೆಲಸ" ಅಂದರು. ಸಂಜೆಯ ಲೆಕ್ಕ ಸರಿಯೇ. ದುಡ್ಡಿನ ಲೆಕ್ಕ ಅವರು ಹಾಕಿರಲಿಲ್ಲ.

ಚಾಕು ಒಬ್ಬ ಗೆಳೆಯನದು. ಬ್ಲೇಡು ರೆಡಿಮೇಡ್ ಫುಲ್ ಟ್ಯಾಂಗ್ (ಹಿಡಿಯೊಳಗೆ ಹೋಗುವ ಲೋಹದ ಭಾಗವೇ ಟ್ಯಾಂಗ್, ಇದರಲ್ಲಿ ಅದು ಹಿಡಿಯ ಪೂರ್ತಿ ಉದ್ದಕ್ಕೂ ಇರುತ್ತದೆ), ದಪ್ಪ ಸುಮಾರು 4 ಮಿ.ಮೀ. ಹಿಡಿಗೆ ತಂದಿದ್ದು ಸ್ಟೆಬಿಲೈಸ್ ಮಾಡಿದ (ಒಳಗೆ ರಾಳ ತುಂಬಿಸಿ ಗಟ್ಟಿ ಮಾಡಿದ) ಗಂಟುಮರ. ಒಂದೇ ತುಂಡನ್ನು ನಡುವೆ ಸೀಳಿ ಮಾಡಿದ ಜೋಡಿ, ಎರಡೂ ಕಡೆ ಎಳೆ ಒಂದಕ್ಕೊಂದು ಎದುರುಬದುರು ಕೂರುತ್ತದೆ. ಆ ಜೋಡಿಗೆ ಕೊಟ್ಟಿದ್ದು ಬ್ಲೇಡಿಗೆ ಕೊಟ್ಟದ್ದಕ್ಕಿಂತ ಜಾಸ್ತಿ, ಹತ್ತಿರ ಹತ್ತಿರ ಒಂದೂವರೆ ಪಟ್ಟು. ದುಡ್ಡು ಕೊಟ್ಟರೂ ಅದೇ ಎಳೆ ಇನ್ನೊಮ್ಮೆ ಸಿಗೋದಿಲ್ಲ. ಇಂಥದ್ದನ್ನು ಧೂಳು ಮಾಡಿ ಹಾರಿಸೋಕೆ ನನಗೆ ಮನಸ್ಸು ಬರಲಿಲ್ಲ.

ಆಗಿದ್ದಿಷ್ಟು. ಗೆಳೆಯ ಎಡ ಸ್ಕೇಲಿಗೆ ಟ್ಯಾಂಗ್ ಇಟ್ಟುಕೊಂಡೇ ತೂತು ಹೊಡೆದಿದ್ದ, ಅದು ಸರಿ ಬಂದಿತ್ತು. ಬಲ ಸ್ಕೇಲಿಗೆ ಮಾತ್ರ ಎಡ ಸ್ಕೇಲನ್ನೇ ಅಚ್ಚು ಮಾಡಿಕೊಂಡು, ಕೈ ಡ್ರಿಲ್‌ನಲ್ಲಿ ಹೊಡೆದಿದ್ದ. ಬಿಟ್ ವಾಲಿತು, ಎರಡೂ ತೂತು ಒಂದೇ ಕಡೆಗೆ ಸುಮಾರು 1 ಮಿ.ಮೀ. ಸರಿದವು. ಎಪಾಕ್ಸಿ ಹಚ್ಚಿಯಾಗಿತ್ತು, ಗಾಬರಿಯಲ್ಲಿ ಪಿನ್ನನ್ನು ಸುತ್ತಿಗೆಯಿಂದ ಇಳಿಸಿಬಿಟ್ಟ. ಮೇಲಿಂದ ನೋಡಿದರೆ ಬ್ಲೇಡಿನ ಕಡೆಯ ತುದಿಗಳು ಹಿಂದೆಮುಂದೆ. ಬಲಗಡೆ ತುದಿಯ ಕೆಳಗೆ ಉಗುರು ತೂರುವಷ್ಟು ಸಂದು. ಪುಣ್ಯಕ್ಕೆ ಅಂಚು ಇನ್ನೂ ಉಜ್ಜಿರಲಿಲ್ಲ, ಸುತ್ತ ಮರ ಟ್ಯಾಂಗ್‌ಗಿಂತ ಎರಡು ಮಿಲಿಮೀಟರ್ ಹೊರಗಿತ್ತು. ಉಜ್ಜಿ ಸಮ ಮಾಡಿದ ಮೇಲೆ ತಂದಿದ್ದರೆ ನಾನೂ ಕೈಚೆಲ್ಲುತ್ತಿದ್ದೆ.

ಮೊದಲು ಬಿಚ್ಚೋ ಕೆಲಸ. ಗೆಳೆಯನ ಚಾಕುವಿನ ಮೇಲೆ ನೇರವಾಗಿ ಪ್ರಯೋಗ ಮಾಡಲಿಲ್ಲ. ಕಬ್ಬಿಣದ ಪಟ್ಟಿಗಳಿಗೆ ಹಳೆ ಮರದ ಚೂರು ಅಂಟಿಸಿ, ಪಿನ್ ಹಾಕಿ, ವಾರ ಬಿಟ್ಟು ಒಂದೊಂದೇ ವಿಧಾನ ನೋಡಿದೆ.

ಫ್ರೀಜರ್ ವಿಧಾನ ಎಲ್ಲರೂ ಹೇಳ್ತಾರೆ. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಉಳಿ ಇಟ್ಟು ಒಂದೇಟು. ಹೌದು, ಬಿಟ್ಟುಕೊಳ್ಳುತ್ತದೆ. ಆದರೆ ಅರ್ಧ ಸಲ ಮರದ ಚಕ್ಕೆ ಲೋಹದ ಮೇಲೇ ಉಳಿಯಿತು. ಬಿಸಾಡೋ ಮರಕ್ಕೆ ಪರವಾಗಿಲ್ಲ, ಉಳಿಸಬೇಕಾದ ಮರಕ್ಕೆ ಬೇಡ. ಅಸಿಟೋನ್‌ನಲ್ಲಿ ನೆನೆಸಿದ್ದು ಸುಮ್ನೆ ಕಾಲಹರಣ. ಹಸಿ ಎಪಾಕ್ಸಿ ಒರೆಸೋಕೆ ಅದು ಚೆನ್ನ, ಗಟ್ಟಿಯಾದದ್ದನ್ನು ಕರಗಿಸುವುದಿಲ್ಲ.

ಉಳಿದಿದ್ದು ಬಿಸಿ. ಸಾಮಾನ್ಯ ಎಪಾಕ್ಸಿ 60-70 ಡಿಗ್ರಿ ದಾಟಿದರೆ ಮೆತ್ತಗಾಗೋಕೆ ಶುರುವಾಗುತ್ತದೆ, 100ರ ಹತ್ತಿರ ಹಿಡಿತ ಬಿಡುತ್ತದೆ. ಬ್ಲೇಡಿನ ಟೆಂಪರ್, ಅಂದರೆ ಉಕ್ಕಿನ ಹದ, ಕೆಡೋದು ಸುಮಾರು 200ರ ಆಸುಪಾಸಿನಲ್ಲಿ. ಅಂದರೆ ನಡುವೆ ಸಾಕಷ್ಟು ಜಾಗ ಇದೆ. ಬ್ಲೇಡಿಗೆ ಒದ್ದೆ ಬಟ್ಟೆ ಸುತ್ತಿದರೆ ಇನ್ನೂ ನಿಶ್ಚಿಂತೆ. ಹೀಟ್ ಗನ್ನನ್ನು ಮರಕ್ಕೆ ಹಿಡಿದಾಗ ಮೇಲ್ಮೈ ಬೆವರಿದ ಹಾಗೆ ಆಯಿತು, ಒಳಗಿನ ಅಂಟು ಕದಲಲಿಲ್ಲ. ಮರ ಬಿಸಿಯನ್ನು ಒಳಗೆ ಬಿಡೋದೇ ಇಲ್ಲ, ಅಲ್ವಾ? ಬಿಸಿ ಹೋಗಬೇಕಾದ್ದು ಲೋಹದ ದಾರಿಯಲ್ಲಿ. ಅದಕ್ಕೆ ಪಿನ್ನಿನಿಂದ ಶುರು ಮಾಡಿದೆ. 60 ವಾಟ್ ಸೋಲ್ಡರಿಂಗ್ ಐರನ್ ತುದಿಯನ್ನು ಹಿತ್ತಾಳೆ ಪಿನ್ ತಲೆಗೆ ಒತ್ತಿ, ಹತ್ತು ಹದಿನೈದು ಸೆಕೆಂಡ್ ಇಟ್ಟು ತೆಗೆಯೋದು, ಮತ್ತೆ ಇಡೋದು. ಒಂದೇ ಸಮನೆ ಇಟ್ಟರೆ ಪಿನ್ ಸುತ್ತ ಮರ ಕಪ್ಪಗಾಗುತ್ತದೆ, ಪ್ರಯೋಗದ ಚೂರಿನಲ್ಲಿ ಹಾಗಾಯಿತು. ಕಪ್ಪಾಗದೆ ಇರೋಕೆ ಪಿನ್ ಸುತ್ತ ನಾನು ಒಂದು ವಸ್ತು ಇಡುತ್ತೇನೆ. ಅದೇನು ಅಂತ ಈಗ ಹೇಳಲ್ಲ, ಯೋಚಿಸಿದರೆ ಹೊಳೆಯುವಂಥದ್ದೇ. ಅಂಟಿನ ವಾಸನೆ ಬಂತು ಅಂದರೆ 4.5 ಮಿ.ಮೀ. ಪಂಚ್ ಇಟ್ಟು ತಟ್ಟಿದರೆ ಪಿನ್ ಜಾರಿಕೊಂಡು ಬರುತ್ತದೆ. ಹಿತ್ತಾಳೆ ಆಗಿದ್ದಕ್ಕೆ ಇಷ್ಟು ಸುಲಭ. ಸ್ಟೇನ್‌ಲೆಸ್ ಪಿನ್ ಬಿಸಿಯನ್ನು ಅಷ್ಟು ಬೇಗ ಒಯ್ಯುವುದಿಲ್ಲ, ತಾಳ್ಮೆ ಬೇಕು.

ಪಿನ್ ಹೋದ ಮೇಲೆ ಟ್ಯಾಂಗ್‌ನ ಅಂಚಿಗೆ ಹೀಟ್ ಗನ್ ಹಿಡಿದು, ತುದಿಯ ಆ ಸಂದಿಗೆ ಗಿಟಾರಿನ ತೀರಾ ಸಣ್ಣ ತಂತಿ ತೂರಿಸಿದೆ. ಎರಡು ತುದಿಗೂ ಮರದ ಹಿಡಿ ಕಟ್ಟಿಕೊಂಡು ಗರಗಸದ ಹಾಗೆ ಎಳೆದಾಡಿದೆ. ಎರಡು ಸಲ ತಂತಿ ತುಂಡಾಯಿತು. ಬಲ ಸ್ಕೇಲು ಒಂದು ಚಕ್ಕೆಯೂ ಏಳದೆ ಬಂತು. ಎಡದ್ದನ್ನು ಮುಟ್ಟಲಿಲ್ಲ, ಅದು ಸರಿಯಾಗೇ ಕೂತಿತ್ತು.

ಈಗ ತೂತಿನ ವಿಷಯ. ಎಲ್ಲರೂ ಎಡವೋದು ಇಲ್ಲೇ.

ಸುಲಭದ ಸಲಹೆ: ಹೊಟ್ಟು ಮತ್ತು ಸೂಪರ್‌ಗ್ಲೂ ತುಂಬಿ ಮತ್ತೆ ತೂತು ಹೊಡಿ. ಚೂರಿನ ಮೇಲೆ ಮಾಡಿ ನೋಡಿದೆ. ಪಾಲಿಶ್ ಆದ ಮೇಲೆ ಪಿನ್ ಪಕ್ಕದಲ್ಲಿ ಕಪ್ಪು ಬಿದಿಗೆ ಚಂದ್ರ. ಹತ್ತಡಿ ದೂರದಿಂದ ಕಾಣುತ್ತದೆ. ಎರಡನೇ ಸಲಹೆ: ದಪ್ಪ ಪಿನ್ ಹಾಕು. ಲೆಕ್ಕ ನೋಡಿ. ಈಗಿನ ಪಿನ್ 4.76 ಮಿ.ಮೀ., ತೂತು 4.8. ತೂತು 1 ಮಿ.ಮೀ. ಸರಿದಿದೆ ಅಂದರೆ ಸರಿಯಾದ ನಡುಬಿಂದುವಿನಿಂದ ಹಳೆ ತೂತಿನ ದೂರದ ಅಂಚು 3.4 ಮಿ.ಮೀ. ಮುಂದಿನ ಸೈಜಿನ ಪಿನ್ 6.35, ಅದರ ಅರ್ಧ 3.2ರ ಹತ್ತಿರ. ಅಲ್ಲಿಗೆ ಕೂದಲೆಳೆಯ ಸಂದು ಉಳಿದೇ ಉಳಿಯುತ್ತದೆ. ಸಾಲದ್ದಕ್ಕೆ ಹಾರ್ಡನ್ ಆದ ಟ್ಯಾಂಗ್‌ನಲ್ಲಿ ತೂತು ದೊಡ್ಡದು ಮಾಡೋಕೆ ಕಾರ್ಬೈಡ್ ಬಿಟ್ ಬೇಕು, ಒಂದು ಬಿಟ್ ಮುರಿದರೆ ದುಡ್ಡು ಹೋಯಿತು. ಎಡ ಸ್ಕೇಲಿನ ಒಳ್ಳೆ ತೂತನ್ನೂ ದೊಡ್ಡದು ಮಾಡಬೇಕು. ತಪ್ಪಿಲ್ಲದ ಕಡೆಗೂ ಶಿಕ್ಷೆ ಯಾಕೆ?

ನಾನು ಮಾಡಿದ್ದು 8 ಮಿ.ಮೀ. ಬಿರಡೆ, ಅಂದರೆ ತೂತು ಮುಚ್ಚೋ ಗುಂಡನೆ ಮರದ ತುಂಡು. ಗುಟ್ಟು ಬಿರಡೆಯ ಸೈಜಿನಲ್ಲಿಲ್ಲ, ಅದರ ನಡುಬಿಂದುವಿನಲ್ಲಿದೆ. ಹಳೆ ತೂತಿನ ನಡುವಿಗೆ ಬಿರಡೆ ಹಾಕಿದರೆ ಹೊಸ ತೂತು ಬಿರಡೆಯ ಒಂದು ಪಕ್ಕಕ್ಕೆ ಬೀಳುತ್ತದೆ, ಸೊಟ್ಟಗೆ ಕಾಣುತ್ತದೆ. ಹೊಸ ತೂತು ಎಲ್ಲಿ ಬರಬೇಕೋ ಅಲ್ಲಿಗೇ ಬಿರಡೆಯ ನಡುವನ್ನು ಇಡಬೇಕು. ಆಗ 4 ಮಿ.ಮೀ. ತ್ರಿಜ್ಯದೊಳಗೆ 3.4ರ ಹಳೆ ತೂತು ಪೂರ್ತಿ ಮುಳುಗಿಹೋಗುತ್ತದೆ. ಪಿನ್ ಸುತ್ತ ಎಲ್ಲಾ ಕಡೆ ಒಂದೂವರೆ ಮಿಲಿಮೀಟರಿನಷ್ಟು ಸಮವಾದ ಉಂಗುರ ಉಳಿಯುತ್ತದೆ. ಕಂಡರೂ ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ.

ಸರಿಯಾದ ಜಾಗ ಹಿಡಿಯೋದು ಹೇಗೆ? ಟ್ಯಾಂಗ್‌ಗೂ ಸ್ಕೇಲಿಗೂ ಮಾಸ್ಕಿಂಗ್ ಟೇಪ್ ಹಚ್ಚಿ, ಟೇಪುಗಳ ನಡುವೆ ಎರಡು ಹನಿ ಸೂಪರ್‌ಗ್ಲೂ ಬಿಟ್ಟು ತಾತ್ಕಾಲಿಕವಾಗಿ ಕೂರಿಸಿದೆ. ತುದಿಗಳನ್ನು ಚಿಕ್ಕ ಮೂಲೆಮಟ್ಟದಿಂದ ಹೊಂದಿಸಿದೆ. ಆಮೇಲೆ ಎಡಗಡೆಯಿಂದ 4.8 ಬಿಟ್ ಇಳಿಸಿ ಬಲ ಸ್ಕೇಲಿನ ಒಳಮೈಗೆ ಗುರುತು ಮಾತ್ರ. ಡ್ರಿಲ್ ಪ್ರೆಸ್‌ನಲ್ಲಿ, ಕೈ ಡ್ರಿಲ್ಲಲ್ಲಿ ಅಲ್ಲ. ಇದಕ್ಕೂ ಮೊದಲೇ ಹಳೆ ತೂತಿಗೆ ಗಟ್ಟಿ ಮರದ ಕಡ್ಡಿ ಹಾಕಿ ಅಂಟಿಸಿದ್ದೆ. ಆ ಕೆಲಸ ಬಿಟ್ಟರೆ 8ರ ಬಿಟ್ ಹಳೆ ತೂತಿನ ಕಡೆಗೇ ಎಳೆದುಕೊಂಡು ಹೋಗುತ್ತದೆ, ಮತ್ತೆ ಅದೇ ರಾಮಾಯಣ. 8ರದ್ದು ನಡುವೆ ಮೊನೆ ಇರುವ, ಮರ ಕೊರೆಯೋ ಬಿಟ್ ಆಗಿರಬೇಕು. ಕೆಳಗೆ ಮರದ ತುಂಡು ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಹೊರಮೈ ಸಿಬಿರೇಳುತ್ತದೆ.

ಬಿರಡೆಯನ್ನು ಅದೇ ಜೋಡಿಯಿಂದ ಕತ್ತರಿಸಿ ಉಳಿದ ಮೂಲೆ ಚೂರಿನಿಂದ ಪ್ಲಗ್ ಕಟರ್‌ನಲ್ಲಿ ತೆಗೆದೆ. ಚೂರಿನ ಮುಖದಿಂದ ತೆಗೆಯಬೇಕು, ಅಡ್ಡಕ್ಕೆ ಅಲ್ಲ. ಅಡ್ಡ ತೆಗೆದರೆ ತುದಿಮರ (ಎಳೆ ಕತ್ತರಿಸಿದ ಮುಖ) ಮೇಲೆ ಬರುತ್ತದೆ, ಎಣ್ಣೆ ಬಿದ್ದ ಕೂಡಲೇ ಕಪ್ಪಾಗುತ್ತದೆ. ಹತ್ತಾರು ಬಿರಡೆ ತೆಗೆದು, ಒದ್ದೆ ಮಾಡಿ, ಸ್ಕೇಲಿನ ಪಕ್ಕ ಇಟ್ಟು, ಬಣ್ಣ ಕೂಡುವ ಎರಡನ್ನು ಆರಿಸಿಕೊಂಡೆ. ಎಳೆಯ ದಿಕ್ಕಿಗೆ ತಿರುಗಿಸಿ ಕೂರಿಸುವಾಗ ಎಪಾಕ್ಸಿಗೆ ಸ್ವಲ್ಪ ಬಣ್ಣವನ್ನೂ ಸೇರಿಸಿದೆ. ಎಷ್ಟು, ಯಾವುದು ಅನ್ನೋದು ನನ್ನ ಹತ್ತಿರವೇ ಇರಲಿ. ಮರಕ್ಕಿಂತ ಒಂದು ಛಾಯೆ ಗಾಢವಾಗಿರಲಿ ಅಂತ ಮಾತ್ರ ಹೇಳ್ತೀನಿ. ತಿಳಿ ಬಣ್ಣದ ಗೆರೆಗಿಂತ ಗಾಢ ಗೆರೆ ಗಂಟುಮರದಲ್ಲಿ ಬೇಗ ಕಳೆದುಹೋಗುತ್ತದೆ.

ಬಿರಡೆ ಒಣಗೋ ಹೊತ್ತಿಗೆ ಕೈ ಸುಮ್ನೆ ಇರಲಿಲ್ಲ. ಹೇಗೂ ಕಬ್ಬಿಣದ ಪಟ್ಟಿಗಳು ಬಿದ್ದಿದ್ದವು, ಅಂಟಿನ ಪರೀಕ್ಷೆ ಮಾಡಿದೆ. ಒಂದು ಪಟ್ಟಿ ಕನ್ನಡಿ ಹೊಳಪಿನದು, ಒಂದು 60ರ ಒರಟು ಎಮರಿಯಲ್ಲಿ ಅಡ್ಡಾದಿಡ್ಡಿ ಉಜ್ಜಿದ್ದು, ಒಂದು ಉಜ್ಜಿ ಆಮೇಲೆ ಬೆರಳಲ್ಲಿ ಚೆನ್ನಾಗಿ ಸವರಿದ್ದು. ಹೊಳಪಿನದು ಒಂದೇ ಏಟಿಗೆ ಬಿಟ್ಟಿತು. ಉಜ್ಜಿದ್ದು ಬಿಡಲಿಲ್ಲ, ಮರವೇ ಸೀಳಿತು. ಬೆರಳು ಸವರಿದ್ದು ಎರಡರ ನಡುವೆ. ಐದು ನಿಮಿಷದ ಎಪಾಕ್ಸಿಯನ್ನೂ ನೋಡಿದೆ. ಒಣಗಿದಾಗ ಗಟ್ಟಿ ಅನ್ನಿಸಿತು, ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಉಗುರಲ್ಲಿ ಗೀರಿದರೆ ಗುರುತು ಬೀಳುತ್ತಿತ್ತು. ತೊಳೆಯೋ ಚಾಕುವಿಗೆ ಅದು ಆಗದು. ನಿಧಾನವಾಗಿ ಒಣಗುವ, 24 ಗಂಟೆಯ ಎಪಾಕ್ಸಿಯನ್ನೇ ಹಾಕಿದೆ.

ಸಂದಿಗೆ ಕಾರಣ ಬರೀ ಪಿನ್ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಸ್ಕೇಲಿನ ಒಳಮೈಯೇ ಸ್ವಲ್ಪ ಉಬ್ಬಿತ್ತು. ಗಾಜಿನ ಮೇಲೆ 120ರ ಕಾಗದ ಅಂಟಿಸಿ, ಒಳಮೈ ತುಂಬಾ ಪೆನ್ಸಿಲ್ ಗೀಚಿ, ಗೀಚು ಎಲ್ಲಾ ಕಡೆ ಒಟ್ಟಿಗೆ ಮಾಯವಾಗುವ ತನಕ ಉಜ್ಜಿದೆ. ಮಧ್ಯದಲ್ಲಿ ಮಾತ್ರ ಒಂದಿಷ್ಟು ತಗ್ಗು ಕೆರೆದೆ, ಅಂಟು ನಿಲ್ಲೋಕೆ. ಕೆಲವರು ಇಂಥ ಸಂದು ಕಂಡರೆ ಮರಕ್ಕೂ ಲೋಹಕ್ಕೂ ನಡುವೆ ತೆಳು ಹಾಳೆ, ಅಂದರೆ ಫೈಬರ್ ಲೈನರ್ ಹಾಕಿ ಮುಚ್ಚುತ್ತಾರೆ. ಚೆಂದ ಕಾಣುತ್ತದೆ ನಿಜ, ಆದರೆ ವಲ್ಕನೈಸ್ಡ್ ಫೈಬರ್ ನೀರು ಕುಡಿದು ಉಬ್ಬುತ್ತದೆ.

ಕೊನೆಯ ತೂತುಗಳನ್ನು ಮತ್ತೆ ಟೇಪ್ ಮತ್ತು ಸೂಪರ್‌ಗ್ಲೂ ಮೇಲೆ ಕೂರಿಸಿಯೇ ಹೊಡೆದೆ. ಮೊದಲನೆಯದು ಹೊಡೆದು ಪಿನ್ ತೂರಿಸಿ, ಅದು ಹಿಡಿದುಕೊಂಡ ಮೇಲೆ ಎರಡನೆಯದು. ಅಂಟು ಹಚ್ಚೋಕೆ ಮೊದಲು ಪಿನ್ ಹೆಬ್ಬೆರಳ ಒತ್ತಿಗೇ ಇಳಿಯಬೇಕು. ಸುತ್ತಿಗೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕ್ಲಾಂಪನ್ನೂ ಜೀವ ಹೋಗೋ ಹಾಗೆ ಬಿಗಿಯಬಾರದು, ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ತುದಿಯಲ್ಲಿ ಉಕ್ಕಿದ ಅಂಟನ್ನು ಹಸಿಯಿರುವಾಗಲೇ ಅಸಿಟೋನ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿಬಿಡಬೇಕು. ಒಣಗಿದ ಮೇಲೆ ಅಲ್ಲಿ ಉಜ್ಜಲು ಹೋದರೆ ಬ್ಲೇಡಿಗೆ ಗೀರು.

ಅಂಚು ಸಮ ಮಾಡುವಾಗ ಬೆಲ್ಟ್‌ನಲ್ಲಿ ಪಿನ್ ಹತ್ತಿರ ಬಂದಾಗಲೆಲ್ಲ ನಿಲ್ಲಿಸಿ ಬೆರಳಿಟ್ಟು ನೋಡಿದೆ. ಪಿನ್ ಬಿಸಿಯಾದರೆ ಬಿಚ್ಚೋಕೆ ಮಾಡಿದ ಕೆಲಸವನ್ನೇ ಮತ್ತೆ ಮಾಡಿದ ಹಾಗೆ. 120ರ ತನಕ ಬೆಲ್ಟ್, ಆಮೇಲೆ 220, 400, 600 ಕೈಯಲ್ಲೇ.

ಬೇಡ ಅಂದಿದ್ದ ಹಳಬರಲ್ಲಿ ಒಬ್ಬರಿಗೆ ಚಾಕು ಕೊಟ್ಟು ಬಿರಡೆ ಯಾವ ಕಡೆ ಅಂತ ಕೇಳಿದೆ. ಎಡಗಡೆ ತೋರಿಸಿದರು. ಬಿಸಿಲಿಗೆ ಹಿಡಿದು ತಿರುಗಿಸಿದರೆ ಒಂದು ಪಿನ್ ಸುತ್ತ ಗೆರೆ ಸಿಗುತ್ತದೆ, ಇನ್ನೊಂದರದ್ದು ನನಗೂ ಹುಡುಕಬೇಕಾಗುತ್ತದೆ. ಖರ್ಚು ಅಂತ ಆಗಿದ್ದು ಪ್ಲಗ್ ಕಟರ್, ಎಪಾಕ್ಸಿ, ಹೊಸ ಪಿನ್, ತುಂಡಾದ ತಂತಿಗಳು. ಎಲ್ಲ ಸೇರಿ ಹೊಸ ಜೋಡಿಯ ಐದನೇ ಒಂದು ಭಾಗ ಇರಬಹುದು, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಕಟರ್‌ದು. ಅದು ಮುಂದಿನ ಕೆಲಸಕ್ಕೂ ಬರುತ್ತದೆ. ನನ್ನ ಸಮಯಕ್ಕೆ ಬೆಲೆ ಕಟ್ಟಿದರೆ ಲೆಕ್ಕ ತಲೆಕೆಳಗಾಗುತ್ತದೆ, ಅದನ್ನು ಕಟ್ಟಲಿಲ್ಲ.

ಆಮೇಲೆ ಇದೇ ವಿಧಾನವನ್ನು ಮೈಕಾರ್ಟಾ ಮೇಲೂ ನೋಡಿದೆ. ಅದು ರಾಳದಲ್ಲಿ ಅದ್ದಿ ಒತ್ತಿದ ಬಟ್ಟೆಯ ಪದರಗಳದ್ದಲ್ವಾ, ಹಾಳೆಯ ಮುಖದಿಂದ ತೆಗೆದ ಬಿರಡೆಯಲ್ಲಿ ಪದರಗಳು ಅದೇ ಕ್ರಮದಲ್ಲಿ ಬರುತ್ತವೆ. ಸ್ಕೇಲಿನಷ್ಟೇ ಎತ್ತರಕ್ಕೆ ಸರಿಯಾಗಿ ಕೂರಿಸಿದರೆ, ಇಳಿಜಾರು ಉಜ್ಜಿದಾಗಲೂ ಪದರದ ಗೆರೆ ಬಿರಡೆಯ ಮೇಲೆ ಹಾದುಹೋಗುತ್ತದೆ. ಕಾಲು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಗೆರೆ ಮುರಿಯುತ್ತದೆ. ಗಾಜಿನ ನೂಲು ಮತ್ತು ರಾಳದ ಜಿ10 ಹಾಳೆಯ ಮೇಲೆ ಇನ್ನೂ ಮಾಡಿಲ್ಲ. ಅದರ ಗಾಜಿನ ಧೂಳಿಗೆ ಒಳ್ಳೆಯ ಮಾಸ್ಕ್ ತಂದ ಮೇಲೆ ನೋಡೋಣ.